ಕಾಶಪ್ಪನ ಸೈಕಲ್ಲಿನ ಹಿಂದೆ ಕೂತವಳು

ನಮ್ಮ ಊರಿನಲ್ಲಿ ಹಳೇ ಸೈಕಲ್ ಕೊಳ್ಳಲು ಹೋದವರು ಮೊದಲು ಬ್ರೇಕು ನೋಡುವುದಿಲ್ಲ, ಗಂಟೆ ಬಾರಿಸಿಯೂ ನೋಡುವುದಿಲ್ಲ. ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಟಾಯರ್ ನೆಲಕ್ಕೆ ಎಷ್ಟು ಒತ್ತಿಕೊಂಡಿದೆ ಎಂದು ನೋಡುತ್ತಾರೆ. ಗಾಳಿ ತುಂಬಿದ ಟಾಯರ್, ಮೇಲೆ ಯಾರೂ ಹತ್ತಿಲ್ಲ, ಆದರೂ ಹಿಂದೆ ಒತ್ತಿಕೊಂಡಿದೆ ಎಂದರೆ ಕ್ಯಾರಿಯರ್ ಮೇಲೆ ಯಾರೋ ಕೂತಿದ್ದಾರೆ ಎಂದು ಅರ್ಥ. "ಕುಂತಾರೇನ್ರಿ?" ಎಂದು ಕೊಳ್ಳುವವರು ಕೇಳುತ್ತಾರೆ. "ಹೂಂ ರೀ, ನಮ್ಮ ಸೋದರತ್ತಿ. ಹಗರ ಅದಾಳ, ಏರು ಹತ್ತೂವಾಗ ಗೊತ್ತs ಆಗೂದಿಲ್ಲ" ಎಂದು ಮಾರುವವರು ಹೇಳುತ್ತಾರೆ. ವ್ಯಾಪಾರ ಮುಂದುವರಿಯುತ್ತದೆ. ದೆವ್ವ ಗಿವ್ವ ಎಂದರೆ ನಮ್ಮಲ್ಲಿ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ಅವರು ಕೂತವರು, ಅಷ್ಟೆ.

ಸೈಕಲ್ ಹಿಂದೆ ಕೂರಿಸಿಕೊಂಡವರನ್ನು ಅವರು ಹೋಗಬೇಕಾದ ಜಾಗಕ್ಕೆ ಮುಟ್ಟಿಸಿ, ಬಾಯಿಬಿಟ್ಟು "ಇಳಿ" ಎನ್ನಬೇಕು. ಅನ್ನದೆ ಹೋದರೆ ಅವರು ಕೂತೇ ಬಿಡುತ್ತಾರೆ. ಅದಕ್ಕೇ ಸಂಜೆ ಹೊತ್ತಿನಲ್ಲಿ ನಮ್ಮೂರಿನ ಓಣಿಗಳ ತುಂಬ ಅದೊಂದೇ ಮಾತು. ಇಳಿ, ಇಳೀರಿ, ಇಳಿಯವ್ವಾ, ಇಳಿಯೋ ಕತ್ತೆ. ಆಸ್ತಿಗಾಗಿ ಬಡಿದಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಆ ಒಂದು ಮಾತನ್ನು ಬಿಡುವುದಿಲ್ಲ. ಆದರೂ ಮನುಷ್ಯರು, ಮರೆಯುತ್ತಾರೆ. ಓಡಿಸಿದವ ಸತ್ತರೆ ಅವನ ಮನೆಯವರು ಯಾರಾದರೂ ಅದೇ ಸೈಕಲ್ ಹೊಡೆದು, ಆ ಜಾಗಕ್ಕೆ ಮುಟ್ಟಿಸಿ, ಇಳಿಸಬಹುದು. ಆದರೆ ಎಲ್ಲಿಗೆ ಹೊರಟಿದ್ದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ನೆನಪಿದ್ದವರಿಗೆ ಕೆಲವು ಸಲ ಮನಸ್ಸಿರುವುದಿಲ್ಲ.

ನಾನು ಮನೆಯಲ್ಲೇ ಹಳೇ ಸೈಕಲ್ ರಿಪೇರಿ ಮಾಡುವವಳು. ಹೆಸರು ನೀಲಗಂಗವ್ವ, ಆದರೆ ಊರಿಗೆಲ್ಲ ಸೈಕಲ್ ಅಕ್ಕಾರು. ತುಕ್ಕು ತಿಂದು ಕೊಟ್ಟಿಗೆಯಲ್ಲಿ ಬಿದ್ದಿದ್ದನ್ನು ತಂದುಕೊಟ್ಟರೆ ಮದುವೆಗೆ ಹೊರಟವರ ಹಾಗೆ ಮಾಡಿ ಕಳಿಸುತ್ತೇನೆ. ಕಲಿಸಿದವರು ಯಾರೂ ಇಲ್ಲ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಶಾಲೆಗೆ ಹೆಸರು ಹಚ್ಚಲು ಸೈಕಲ್ ಹಿಂದೆ ಕೂರಿಸಿಕೊಂಡು ಹೊರಟಿದ್ದ. ಅರ್ಧ ದಾರಿಯಲ್ಲಿ ಚೈನು ಕಡಿಯಿತು. ಅಪ್ಪ ಬೈಯುತ್ತ ಸೈಕಲ್ ತಳ್ಳಿಕೊಂಡು ಮನೆಗೆ ತಿರುಗಿದ, ನಾನು ಜಿಗಿದು ಅವನ ಹಿಂದೆ ಹಿಂದೆ ನಡೆದುಬಂದೆ. ಅಂಗಳದಲ್ಲಿ ಅವನು ಚೈನಿನ ಕೊಂಡಿ ಕೂಡಿಸಲು ಒದ್ದಾಡುವುದನ್ನು ನೋಡುತ್ತ ನೋಡುತ್ತ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಕೊಂಡಿ ಕೂತಿತು. "ಎಲಾ ಇವಳ! ನೀ ಶಾಲಿಗೆ ಯಾಕ ಹೋಗ್ತಿ?" ಎಂದು ಅಪ್ಪ ನಕ್ಕ. ಶಾಲೆಯ ಮಾತು ಅಲ್ಲಿಗೇ ಮುಗಿಯಿತು, ಕೈಗೆ ನಟ್ಟು ಬಿಚ್ಚುವ ಪಾನಾ ಬಂತು. ಒಂದೇ ಕೊರತೆ ಎಂದರೆ ಸೈಕಲ್ ಹೊಡೆಯಲು ನನಗೆ ಬರುವುದಿಲ್ಲ. ನಗಬೇಡಿ. ಸೈಕಲ್ಲುಗಳೇ ನನ್ನ ಮನೆಗೆ ಬರುವಾಗ ನಾನು ಎಲ್ಲಿಗೆ ಹೋಗಲಿ? ಓಣಿ ದಾಟಿ ಎಷ್ಟು ಕಾಲವಾಯಿತೋ ಅದೂ ನೆನಪಿಲ್ಲ.

ಸೈಕಲ್ ಬಿಚ್ಚುವ ಮೊದಲು ಕೂತವರನ್ನು ಬೇರೆ ಕಡೆ ಕೂರಿಸಬೇಕಲ್ಲ, ಅದಕ್ಕೆಂದು ಪಡಸಾಲೆಯ ಗೋಡೆಗುಂಟ ಒಂದು ಹಲಗೆ ಹೊಡೆಸಿ, ಅದರ ಮೇಲೆ ಸಾಲಾಗಿ ಹಳೇ ಕ್ಯಾರಿಯರ್‌ಗಳನ್ನು ಕೂರಿಸಿದ್ದೇನೆ. ಒಂದೊಂದರ ಕೆಳಗೂ ಹಳೇ ಸೀಟಿನ ಸ್ಪ್ರಿಂಗು. ಬಂದ ಸೈಕಲ್ಲಿನ ಕ್ಯಾರಿಯರನ್ನು ಇದಕ್ಕೆ ತಾಗಿಸಿ ನಿಲ್ಲಿಸಿ, ಒಂದು ಸಲ ಗಂಟೆ ಬಾರಿಸಿ, "ಸ್ವಲ್ಪ ಇಲ್ಲಿ ಸರೀರಿ, ರಿಪೇರಿ ಐತಿ" ಎಂದರೆ ಸಾಕು. ಟಾಯರ್ ಮೇಲೇಳುತ್ತದೆ, ಸ್ಪ್ರಿಂಗು ಕಿರ್ ಎಂದು ಕೆಳಗಿಳಿಯುತ್ತದೆ. ಕೆಲಸದ ಭರಾಟೆ ಇದ್ದ ದಿನಗಳಲ್ಲಿ ಪಡಸಾಲೆ ತುಂಬ ಜನ. ಕಣ್ಣಿಗೆ ಕಾಣುವುದು ಮಾತ್ರ ಖಾಲಿ ಕ್ಯಾರಿಯರ್‌ಗಳು, ತಗ್ಗಿದ ಸ್ಪ್ರಿಂಗುಗಳು.

ಮೂಲೆಯ ಕ್ಯಾರಿಯರ್ ಮೇಲೆ ಇರುವವರು ಮಾತ್ರ ಗಿರಾಕಿಗಳ ಕಡೆಯವರಲ್ಲ. ಅಪ್ಪ ತೀರಿಕೊಂಡ ಮೇಲೆ ಅವನ ಸೈಕಲ್ಲಿನಿಂದ ಸರಿಸಿದ್ದು. ಅಪ್ಪ ಯಾರನ್ನು ಕೂರಿಸಿಕೊಂಡು ಇಳಿಸದೇ ಬಿಟ್ಟನೋ ಗೊತ್ತಿಲ್ಲ. ಅವನ ಅವ್ವ ಇರಬಹುದೆಂದು ನಾನು ಅಜ್ಜಿ ಎಂದು ಕರೆಯುತ್ತೇನೆ. ಬೆಳಿಗ್ಗೆ ಮೊದಲ ಚಹಾ ಅಜ್ಜಿಯ ಮುಂದಿಟ್ಟು, ಊರಿನ ಸುದ್ದಿಯೆಲ್ಲ ಹೇಳಿ, ಆಮೇಲೆ ಕೆಲಸ. ಅಜ್ಜಿಯದು ಒಂದು ವಿಚಿತ್ರ. ಕೂತವರ ಭಾರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅಜ್ಜಿಯ ಸ್ಪ್ರಿಂಗು ಮಾತ್ರ ವರ್ಷ ವರ್ಷಕ್ಕೂ ತಗ್ಗುತ್ತ ಬಂತು. ಎರಡು ಸಲ ಬದಲಿಸಿದೆ. ಎದುರು ಮನೆಯ ಬಡಿಗೇರ ಮೌನಪ್ಪ, "ಸ್ಪ್ರಿಂಗಿಗೆ ವಯಸ್ಸಾತ್ರಿ ಅಕ್ಕಾರ, ನಿಮ್ಮಂಗ" ಎನ್ನುತ್ತಿದ್ದ. ಅವನದು ದಿನಾ ನನ್ನ ಮನೆಯಲ್ಲೇ ಚಹಾ, ದಿನಾ ಒಂದೇ ದೂರು. "ಚಹಾ ಅಲ್ಲರೀ ಇದು, ಬೆಲ್ಲದ ಗಾಣದ ಪಾಕ. ಇರಿವಿ ನಿಮ್ಮ ಮನಿ ದೇವರೇನ್ರಿ?" ಎನ್ನುತ್ತಿದ್ದ. ನನಗೋ ಎಷ್ಟು ಸಕ್ಕರೆ ಸುರಿದರೂ ಬರೀ ಬಿಸಿನೀರು ಕುಡಿದ ಹಾಗೆ.

ರಾಚವ್ವ ಬಂದದ್ದು ಒಂದು ಮಧ್ಯಾಹ್ನ. ಸೈಕಲ್ ಬಂದದ್ದು ಕೇಳಿಸಿತು, ಆಕೆ ಬಂದದ್ದು ಕೇಳಿಸಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ನಿಂತಿದ್ದಾಳೆ. ಹಿಂದಿನ ಓಣಿಯವಳು. ಗಂಡ ಕಾಶಪ್ಪ ಅರಳೆ ಗಿರಣಿಗೆ ಹೋಗಿಬರುತ್ತಿದ್ದ, ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿಲ್ಲ. ಸೈಕಲ್ಲನ್ನು ಕಂಬಕ್ಕೆ ಒರಗಿಸಿದವಳೇ ಮಾತು ತೆಗೆದಳು.

"ಅಕ್ಕಾರ, ಇದರಾಗ ಒಬ್ಬಾಕಿ ಕುಂತಾಳ್ರಿ. ಆಕಿ ಯಾರಂತ ನನಗ ಗೊತ್ತಾಗಬೇಕು. ಆಮ್ಯಾಲ ಸೈಕಲ್ ಹೊಸಾದರಂಗ ಮಾಡ್ರಿ, ಮಾರಿ ಕೈ ತೊಳಕೋತೀನಿ."

"ಒಬ್ಬಾಕಿ ಅಂತ ಹೆಂಗ ಹೇಳ್ತೀಯವಾ? ಗಂಡಸರೂ ಇರಬಹುದಲ್ಲ" ಎಂದೆ.

"ಗಂಡಸರ ಜೋಡಿ ಯಾರರೆ ಹಂಗ ನಕ್ಕೋತ ಮಾತಾಡ್ತಾರೇನ್ರಿ? ಎರಡು ವರ್ಷ ಅಕ್ಕಾರ, ಮನಿಯಿಂದ ಗಿರಣಿ ಮುಟ್ಟೂತನಕ ಮಾತು, ಗಿರಣಿಯಿಂದ ಮನಿ ಮುಟ್ಟೂತನಕ ಮಾತು. ಓಣಿ ಮಂದಿ ಎಲ್ಲಾ ಕೇಳ್ಯಾರ. ಮನಿ ಹೊಸ್ತಿಲಾ ದಾಟಿದನೋ, ಬಾಯಿಗೆ ಬೀಗ. ಸಾಯೂವಾಗ ಕೇಳಿದೆ, ಹಿಂದ ಕುಂತಾಕಿ ಯಾರು ಅಂತ. ನಕ್ಕ ನೋಡ್ರಿ. 'ನಿನಗ ಗೊತ್ತಿದ್ದಾಕಿನs' ಅಂದ. ಅಷ್ಟs. ಅವತ್ತಿನಿಂದ ಊರಾಗ ಸತ್ತ ಹೆಂಗಸರನ್ನೆಲ್ಲಾ ಒಬ್ಬೊಬ್ಬರನ್ನs ನೆನಸ್ಕೊಂಡು ಬೈಯಾಕತ್ತೀನಿ. ಪಾಪ ಬರ್ತೈತಿ ನನಗ."

ನಗು ಬಂತು, ತಡೆದುಕೊಂಡೆ. ಗಂಟೆ ಬಾರಿಸಿ ಕೂತವಳನ್ನು ಅಜ್ಜಿಯ ಪಕ್ಕದ ಕ್ಯಾರಿಯರ್‌ಗೆ ಸರಿಸಿದೆ. ಸ್ಪ್ರಿಂಗು ಇಳಿಯಿತು. ರಾಚವ್ವ ಅದನ್ನೇ ದುರುಗುಟ್ಟಿ ನೋಡಿದಳು. ಚಹಾ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರಿ ಹಾಕೂದು ಮರತೀರೇನ್ರಿ?" ಎಂದಳು. ಕೊನೆಗೂ ನನ್ನ ನಾಲಿಗೆಯಂಥ ನಾಲಿಗೆ ಒಂದು ಸಿಕ್ಕಿತಲ್ಲ ಎಂದು ಆಕೆಯ ಮೇಲೆ ಪ್ರೀತಿ ಉಕ್ಕಿತು.

ಅಂದಿನಿಂದ ದಿನಾ ಬಂದಳು. ನಾನು ಗಾಲಿ ಕಳಚಿ, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಪಾಲಿಶ್ ಪೇಪರಿನಿಂದ ತುಕ್ಕು ತಿಕ್ಕುತ್ತ ಕೂತರೆ, ಆಕೆ ಆ ಕ್ಯಾರಿಯರ್‌ಗೆ ಎದುರಾಗಿ ಚಾಪೆ ಹಾಕಿಕೊಂಡು ಕೂತು ಜಗಳ ತೆಗೆಯುತ್ತಿದ್ದಳು. "ಚಂದ ಅದಿಯೇನ? ನನಕಿಂತ ಚಂದ ಅದಿಯೇನ? ನಿನ್ನ ಕೈಯಾನ ರೊಟ್ಟಿ ಭಾಳ ಮೆತ್ತಗಿದ್ವೇನ? ಬಾಯಿ ಬಿಡs." ಆಗೊಮ್ಮೆ ಈಗೊಮ್ಮೆ ಸ್ಪ್ರಿಂಗು ಸಣ್ಣಗೆ ಕಿರುಗುಟ್ಟುತ್ತಿತ್ತು. "ನೋಡ್ರಿ ಅಕ್ಕಾರ, ನಗಾಕತ್ತಾಳ!" ಎಂದು ರಾಚವ್ವ ಸಿಡಿಯುತ್ತಿದ್ದಳು. ನನಗೆ ಅದು ನಗು ಎನಿಸಲಿಲ್ಲ. ರಾಚವ್ವ ಉಸಿರು ಎಳೆದುಕೊಂಡಾಗ ಮಾತ್ರ ಆ ಸದ್ದು ಬರುತ್ತಿತ್ತು.

ಇನ್ನೊಂದನ್ನೂ ಗಮನಿಸಿದೆ. ಮಳೆ ಬಂದು ಬಿಟ್ಟ ಅಂಗಳದ ಕೆಸರಿನಲ್ಲಿ ನನ್ನ ನಾಯಿಯ ಹೆಜ್ಜೆ ಮೂಡಿದ್ದವು, ಮೌನಪ್ಪನ ಚಪ್ಪಲಿ ಮೂಡಿದ್ದವು. ರಾಚವ್ವ ನಡೆದು ಬಂದ ದಾರಿ ಒರೆಸಿಟ್ಟ ಹಾಗಿತ್ತು. ಮೌನಪ್ಪ ಆಕೆಯ ಪಕ್ಕದಲ್ಲೇ ಕೂತು ಚಹಾ ಕುಡಿದು ಎದ್ದುಹೋಗುವಾಗ, "ಇವತ್ತ ರಾಚವ್ವ ಬಂದಿಲ್ಲೇನ್ರಿ?" ಎಂದು ಕೇಳಿದ. ಆಕೆ ನನ್ನ ಕಡೆ ನೋಡಿದಳು. "ಈಗೀಗ ಹಿಂಗs ಅಕ್ಕಾರ. ಅಂಗಡ್ಯಾಂವ ಸಾಮಾನು ಕೊಡೂದ ಬಿಟ್ಟು ನನ್ನ ಹಿಂದಿನವರನ್ನ ಮಾತಾಡಸ್ತಾನ" ಎಂದಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆದರಿಕೆ ತಂದಿತು.

ಸೈಕಲ್ ಮಾತ್ರ ತನ್ನ ಕಥೆಯನ್ನು ಒಂದೊಂದಾಗಿ ಹೇಳತೊಡಗಿತು. ಸೀಟಿನ ಕೆಳಗಿನ ಕಂಬಿಯಲ್ಲಿ ಬಣ್ಣ ಸವೆದು ನಾಲ್ಕು ಬೆರಳಿನ ಗುರುತು, ಅದರ ಪಕ್ಕ ಬಳೆ ಗೀರಿದ ಗೆರೆಗಳು. ಗಟ್ಟಿ ಹಿಡಿದು ಕೂರುವವಳು. ಎಡಕ್ಕೆ ಕಾಲು ಇಳಿಬಿಟ್ಟು ಕೂರುವವಳು. ಆಮೇಲೆ ಹಿಂದಿನ ಗಾಲಿಯ ನಡುವಿನ ಹಬ್ಬು ಬಿಚ್ಚಿದೆ. ಅಚ್ಚಿನ ಸುತ್ತ ಎಣ್ಣೆಯಲ್ಲಿ ಕಪ್ಪಾದ ಬಟ್ಟೆಯ ಚೂರೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಸೀರೆ ಉಟ್ಟವರು ಚಲಿಸುವ ಸೈಕಲ್ಲಿನಿಂದ ಜಿಗಿದರೆ ಹೀಗಾಗುತ್ತದೆ. ಮೆಲ್ಲಗೆ ಬಿಚ್ಚಿ, ತೊಳೆದು, ಬಿಸಿಲಿಗೆ ಹಿಡಿದೆ. ಹಸಿರು ಮೈ, ಸಾಸಿವೆ ಬಣ್ಣದ ಅಂಚು.

"ಇದು ಯಾರ ಸೀರಿ ಅಂತ ಗುರ್ತ ಹತ್ತೈತೇನ ನೋಡು" ಎಂದು ಕೊಟ್ಟೆ.

ರಾಚವ್ವ ನೋಡಿದಳು. ತಿರುವಿಹಾಕಿ ನೋಡಿದಳು. "ಇದು ನಂದರೀ" ಎಂದಳು.

"ನಿಂದs?"

"ನಮ್ಮ ತಂಗಿ ಮನಿಗೆ ಹೋಗಿದ್ವಿ. ಅಷ್ಟು ಮಂದಿ ಮುಂದ, 'ನಮ್ಮಾಕಿ ರೊಟ್ಟಿ ಚಕ್ಕಡಿಗೆ ಗಾಲಿ ಮಾಡಿ ಹಾಕಿದ್ರ ಸಂತಿಗೆ ಹೋಗಿ ಬರಬಹುದು' ಅಂದ. ಎಲ್ಲಾರೂ ಬಿದ್ದು ಬಿದ್ದು ನಕ್ರು. ಬರೂವಾಗ ದಾರಿ ತುಂಬ ಬೈಕೋತ ಬಂದೆ. ಅಂವ ನಗೂದ ಬಿಡಲಿಲ್ಲ. ನೀರಿನ ಟಾಕಿ ತಿರುವಿನ್ಯಾಗ ಸೈಕಲ್ ಓಡೂವಾಗs ಜಿಗದ್ಬಿಟ್ಟೆ. ಸೆರಗು ಹರೀತು. ನಡಕೋತ ಮನಿಗೆ ಬಂದೆ. ಅವತ್ತಿನಿಂದ ಅಂವ ಹಾಸಿಗಿ ಹಿಡಿಯೂತನಕ ನಾ ಅವನ ಜೋಡಿ ಮಾತಾಡಲಿಲ್ಲ, ಅಂವ ನನ್ನ ಮತ್ತೆ ಸೈಕಲ್ ಹತ್ತಸಲಿಲ್ಲ."

"ಅಂವ ಇಳಿ ಅಂದಿದ್ನೇನ?"

"ಜಿಗದಾಕಿಗೆ ಇಳಿ ಅಂತ ಯಾಕ ಅಂತಾರ್ರಿ?"

ಕೂತವರೆಂದರೆ ಸತ್ತವರೇ ಎಂದು ನಮ್ಮೂರಿನಲ್ಲಿ ಹುಟ್ಟಿದ ಪ್ರತಿಯೊಬ್ಬರೂ ತಿಳಿದಿದ್ದೇವೆ. ಹಾಗೆಂದು ಯಾರೂ ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ನನ್ನ ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

"ರಾಚವ್ವ, ಹೋಗಿ ಆ ಕ್ಯಾರಿಯರ್ ಮ್ಯಾಲ ಕುಂದರು."

"ಆಕಿ ಮ್ಯಾಲ?"

"ಹೂಂ. ಆಕಿ ಮ್ಯಾಲ."

ಮೂಗು ಮುರಿದಳು. ಆದರೂ ಎದ್ದುಹೋಗಿ ಸೀರೆ ಸರಿಪಡಿಸಿಕೊಂಡು, ಕಾಲನ್ನು ಎಡಕ್ಕೆ ಇಳಿಬಿಟ್ಟು ಕೂತಳು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಸ್ಪ್ರಿಂಗನ್ನೇ ನೋಡುತ್ತಿದ್ದೆ. ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಮೈತುಂಬಿದ ಹೆಂಗಸು ಕೂತಿದ್ದಾಳೆ, ಸ್ಪ್ರಿಂಗಿಗೆ ಹೊಸ ಸುದ್ದಿಯೇ ಅಲ್ಲ ಅದು. ರಾಚವ್ವನಿಗೂ ತಿಳಿಯಿತು. ಕೂತಲ್ಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಬಂತು. "ಎರಡು ವರ್ಷ ಅಂವ ನನ್ನ ಜೋಡೀನs ಮಾತಾಡ್ಯಾನಲ್ರಿ ಅಕ್ಕಾರ. ಏನೇನ ಮಾತಾಡಿದ್ನೋ, ನನಗ ಒಂದs ಒಂದು ಗೊತ್ತಿಲ್ಲ."

ಕಾಶಪ್ಪನಿಗೆ ಗೊತ್ತಿತ್ತು. ಮನೆಯೊಳಗಿನವಳು ಮಾತು ಬಿಟ್ಟಳು, ಹಿಂದೆ ಕೂತವಳು ಕೇಳುತ್ತಿದ್ದಳು. ಇಳಿ ಎಂದರೆ ಇವಳೂ ಹೋಗುತ್ತಾಳೆ ಎಂದು ಅವನು ಆ ಮಾತು ನುಂಗಿಕೊಂಡ. ತಪ್ಪೆನ್ನಲೋ ಪ್ರೀತಿ ಎನ್ನಲೋ ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದೇ: ಹೀಗೇ ಬಿಟ್ಟರೆ ಒಂದು ದಿನ ಬಾಗಿಲಲ್ಲಿ ನಿಂತ ರಾಚವ್ವ ನನಗೂ ಕಾಣಿಸುವುದಿಲ್ಲ.

"ಸೈಕಲ್ ಹೊಡ್ಯಾಕ ಬರ್ತೈತೇನ?" ಎಂದು ಕೇಳಿದೆ.

"ನನಗೆಲ್ಲಿಂದ ಬರ್ತೈತ್ರಿ? ನೀವು ಕಲಸ್ರಿ."

"ನನಗೂ ಬರೂದಿಲ್ಲ. ಹೊಡ್ಯಾಕ ಬರೂದಿಲ್ಲ, ಹಿಡ್ಯಾಕ ಬರ್ತೈತಿ."

ಆಕೆ ನಕ್ಕಳು. ನಾನು ರಿಪೇರಿಯನ್ನು ಮುಗಿಸಿದೆ. ಹೊಸ ಕಡ್ಡಿ ಹಾಕಿ ರಿಮ್ಮಿನ ಓಲಾಟ ತೆಗೆದೆ, ಬೇರಿಂಗ್ ಗುಂಡುಗಳಿಗೆ ಗ್ರೀಸ್ ತುಂಬಿದೆ, ಫ್ರೇಮಿಗೆ ಕಪ್ಪು ಬಣ್ಣ ಹಚ್ಚಿದೆ. ಸೀಟಿನ ಕೆಳಗಿನ ಬೆರಳ ಗುರುತನ್ನು ಮಾತ್ರ ಹಾಗೇ ಬಿಟ್ಟೆ. ಆಮೇಲೆ ದಿನಾ ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಪಾಠ. ನಾನು ಸೀಟು ಹಿಡಿದು ಓಡುವುದು, ರಾಚವ್ವ ಹ್ಯಾಂಡಲ್ಲನ್ನು ಹಾವಿನ ಕುತ್ತಿಗೆ ಹಿಡಿದ ಹಾಗೆ ಹಿಡಿದು ಚೀರುವುದು. ಮೌನಪ್ಪ ಕಟ್ಟೆಯ ಮೇಲೆ ಕೂತು, "ಅಕ್ಕಾರ, ಸೈಕಲ್ ಒಂದs ಓಡಾಕತ್ತೈತಲ್ರಿ! ಚೀರೂದು ಯಾರು?" ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಕೊನೆಗೆ ಆಕೆಗೆ ಸೈಕಲ್ ಹೊಡೆಯಲು ಬರುವ ಹಾಗಾಯಿತು. ಒಂದು ಮುಂಜಾನೆ ಕೂತವಳನ್ನು ಹಲಗೆಯಿಂದ ಸೈಕಲ್ಲಿಗೆ ಸರಿಸಿದೆ. ಹಿಂದಿನ ಟಾಯರ್ ಒತ್ತಿತು. ನೀರಿನ ಟಾಕಿಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿಂದ ಹತ್ತಿ ಮನೆ ಮುಟ್ಟಬೇಕು, ದಾರಿಯಲ್ಲಿ ತಿರುಗಿ ನೋಡಬಾರದು ಎಂದು ಹೇಳಿದೆ. ತಿರುಗಿ ನೋಡಬಾರದೆಂಬುದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಹೇಳಿದೆ. ರಾಚವ್ವ ಹೊರಡಲಿಲ್ಲ, ಬ್ರೇಕು ಹಿಡಿದುಕೊಂಡೇ ನಿಂತಳು.

"ಅಕ್ಕಾರ, ಮನಿ ಮುಂದ ಇಳಿ ಅಂತೀನಿ. ಆಕಿ ಇಳದು ಒಳಗ ಹೋಗಿ, ನಾ ಹೊರಗ ಉಳದ್ರ?"

"ಯಾರರೆ ಒಬ್ಬರು ರೊಟ್ಟಿ ಬಡೀತೀರಿ, ಹೋಗು" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು. ಓಣಿಯ ಕೊನೆಯವರೆಗೆ ಹೋಗಿ ನೋಡಬೇಕೆಂದುಕೊಂಡೆ. ಕಾಲು ಗೇಟಿನಲ್ಲೇ ನಿಂತಿತು. ಯಾವಾಗಲೂ ಅಲ್ಲೇ ನಿಲ್ಲುತ್ತದೆ.

ಇಡೀ ದಿನ ಆಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅಂಗಳದಲ್ಲಿ ಹೆಜ್ಜೆಯ ಸಪ್ಪಳ. ಧಪ್ ಧಪ್ ಎನ್ನುವ ಗಟ್ಟಿ ಹೆಜ್ಜೆ. ನಾಯಿ ಬೊಗಳಿತು. ಮೌನಪ್ಪ ತನ್ನ ಕಟ್ಟೆಯಿಂದಲೇ, "ಏನವಾ ರಾಚವ್ವ, ಎಲ್ಲಿ ಹೋಗಿದ್ದಿ ಇಷ್ಟು ದಿನಾ? ಊರಿಗೇನ?" ಎಂದು ಕೂಗಿದ.

ರಾಚವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೇಳಿದಳು: "ಟಾಕಿ ತಿರುವಿನ್ಯಾಗ ಹತ್ತಿದೆ. ಹತ್ತಿದ ಕೂಡಲೇ ಸೀಟಿನ ಕೆಳಗ ಯಾರೋ ಗಟ್ಟಿ ಹಿಡಕೊಂಡಂಗಾತು. ಬೆನ್ನಿಗೆ ಉಸುರು ಹತ್ತಾಕತ್ತಿತ್ರಿ, ನಾ ಬಿಟ್ಟಾಗ ಅದೂ ಬಿಡೂದು, ನಾ ಹಿಡದಾಗ ಅದೂ ಹಿಡಿಯೂದು. ಹಾದಿ ತುಂಬ ಬೈದೆ. 'ನಿನ್ನ ಜೋಡಿ ಏನೇನ ಮಾತಾಡಿದ್ನೇ, ಹೇಳs' ಅಂದೆ. ಮನಿ ಬಂತು. ಬಾಯಿ ಒಣಗಿತ್ತು. 'ಇಳಿಯವ್ವಾ, ಮನಿ ಬಂತು' ಅಂದೆ. ಎರಡು ಜೋಡಿ ಕಾಲು ನೆಲಕ್ಕ ಮುಟ್ಟಿದ ಸಪ್ಪಳಾತ್ರಿ. ಆಮ್ಯಾಲ ನೋಡ್ತೀನಿ, ನನ್ನ ಕಾಲs ಎರಡು. ಒಳಗ ಹೋಗಿ ಒಲಿ ಹಚ್ಚಿದ್ರ ಅಂಥಾ ಹಸಿವು ಅಕ್ಕಾರ, ಏಳು ರೊಟ್ಟಿ ತಿಂದೆ. ತಿನ್ಕೋತ ತಿನ್ಕೋತ ಅಂವ ಆಡಿದ ಮಾತು ಒಂದೊಂದs ನೆನಪಾಗಾಕತ್ವು. ನಿಮಗ ಹೇಳೂದಿಲ್ಲ ಬಿಡ್ರಿ." ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಕೊಟ್ಟ ಚಹಾ ಒಂದು ಗುಟುಕು ಕುಡಿದವಳೇ ಥೂ ಎಂದು ಉಗಿದಳು. "ಏನ್ರೀ ಇದು! ಚಹಾನೋ ಪಾಕಾನೋ? ಇಷ್ಟು ದಿನಾ ಇದನ್ನs ಕುಡದೀನೇನ್ರಿ ನಾ?"

ಇಬ್ಬರೂ ನಕ್ಕೆವು. ನಗುತ್ತಲೇ ನನ್ನ ಲೋಟ ಎತ್ತಿ ಕುಡಿದೆ. ಬರೀ ಬಿಸಿನೀರು.

ಲೋಟ ಕೈಯಲ್ಲೇ ಉಳಿಯಿತು. ಕಣ್ಣು ತಾನಾಗಿಯೇ ಮೂಲೆಗೆ ಹೋಯಿತು. ಅಜ್ಜಿಯ ಕ್ಯಾರಿಯರ್, ವರ್ಷ ವರ್ಷಕ್ಕೂ ತಗ್ಗುತ್ತ ಬಂದ ಸ್ಪ್ರಿಂಗು. ಸತ್ತವರ ಭಾರ ಬದಲಾಗುವುದಿಲ್ಲ. ಬೆಳೆಯುವುದು ಬದುಕಿದವರ ಭಾರ. ಚೈನು ಕಡಿದ ದಿನ ಅಪ್ಪ ನನಗೆ ಇಳಿ ಅಂದಿರಲಿಲ್ಲ. ರಾಚವ್ವ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಎದ್ದೆ. ಇಷ್ಟು ವರ್ಷ ದಿನಾ ಎದುರು ಕೂತು ಸುದ್ದಿ ಹೇಳಿದ್ದೇನೆ, ಒಂದು ಸಲವೂ ಅದರ ಮೇಲೆ ಕೂತಿರಲಿಲ್ಲ. ಕೂತೆ. ಈ ಸಲ ನೆಲಕ್ಕೆ ಕೆನ್ನೆ ಹಚ್ಚಿದವಳು ರಾಚವ್ವ.

"ಅಕ್ಕಾರ," ಎಂದಳು ಮೆಲ್ಲಗೆ, "ಒಂದೀಟೂ ಇಳೀಲಿಲ್ರಿ."

ಅಪ್ಪನ ಸೈಕಲ್ಲಿನ ಫ್ರೇಮು ಹಿತ್ತಲ ಗೋಡೆಗೆ ತೂಗುತ್ತಿತ್ತು. ಊರವರ ಸೈಕಲ್ ಎಲ್ಲ ರಿಪೇರಿಯಾದವು, ಅದೊಂದಕ್ಕೆ ಕೈ ಹಚ್ಚಿರಲಿಲ್ಲ. ಇಳಿಸಿದೆವು. ರಾಚವ್ವ ತುಕ್ಕು ತಿಕ್ಕಿದಳು, ನಾನು ಗಾಲಿ ಕೂಡಿಸಿದೆ. ಅಪ್ಪನ ಚೈನು ಡಬ್ಬಿಯೊಂದರಲ್ಲಿ ಎಣ್ಣೆಯಲ್ಲಿ ಮುಳುಗಿ ಹಾಗೇ ಇತ್ತು. ಅಂದು ನಾನು ಕೂಡಿಸಿದ ಕೊಂಡಿ ಬೆರಳಿಗೆ ಸಿಕ್ಕಿತು, ಉಳಿದವಕ್ಕಿಂತ ಸ್ವಲ್ಪ ಸೊಟ್ಟ. ಬದಲಿಸಲಿಲ್ಲ. ಆಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಮತ್ತೆ ಪಾಠ, ಸೀಟು ಹಿಡಿದು ಓಡುವವಳು ರಾಚವ್ವ, ಚೀರುವವಳು ನಾನು. ಮೌನಪ್ಪ ಎರಡು ದಿನದಿಂದ ನನ್ನ ಮನೆಗೆ ಚಹಾಕ್ಕೆ ಬಂದಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿ, "ಅಕ್ಕಾರ ಇಲ್ಲೇನೋ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ತಿರುಗಿ ಹೋಗುತ್ತಾನೆ.

ಇವತ್ತು ಗಂಟೆ ಬಾರಿಸಿದೆ. ಮೂಲೆಯ ಸ್ಪ್ರಿಂಗು, ನಾನು ಕಂಡಂದಿನಿಂದ ಮೊದಲ ಸಲ, ಮೇಲೆದ್ದಿತು. ಅಪ್ಪನ ಸೈಕಲ್ಲಿನ ಹಿಂದಿನ ಟಾಯರ್ ಒತ್ತಿತು. ಗೇಟಿನವರೆಗೆ ತಳ್ಳಿಕೊಂಡು ಬಂದೆ. ಹಲಗೆಯ ಮೇಲೆ ನಾನೇ ಕೂತಾಗ ಭಾರ ನನ್ನಷ್ಟೇ ಇತ್ತು. ಆದರೆ ಈಗ ಸೀಟಿನ ಕೆಳಗೆ ಬಂದು ಹಿಡಿದ ಕೈಗಳು ಬಹಳ ಸಣ್ಣವು ಎನಿಸಿತು.

"ಇವತ್ತ ಶಾಲಿ ಸೂಟಿ ಐತ್ರಿ ಅಕ್ಕಾರ, ಬಾಗಲಾ ಹಾಕಿರ್ತೈತಿ" ಎಂದಳು ರಾಚವ್ವ, ನನ್ನ ಬೆನ್ನಿಗೆ ಕೈ ಇಟ್ಟು.

"ಇರಲಿ. ಬಾಗಲಾ ಮುಟ್ಟಿದ್ರ ಸಾಕು."

ಶಾಲೆಯ ಬಾಗಿಲಲ್ಲಿ ನೆಲಕ್ಕೆ ಮುಟ್ಟುವ ಕಾಲು ಯಾರದ್ದೋ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಪಾನಾ ಹಿಡಿದವಳದ್ದೋ, ಅರ್ಧ ದಾರಿಯಲ್ಲೇ ಕೂತು ಕಾಯುತ್ತಿದ್ದವಳದ್ದೋ. ಒಬ್ಬಳಾದರೂ ಒಳಗೆ ಹೋಗುತ್ತಾಳೆ. ಪೆಡಲಿನ ಮೇಲೆ ಕಾಲಿಟ್ಟೆ, ಗೇಟು ದಾಟಿದೆ. "ಗಟ್ಟಿ ಹಿಡ್ಕೋ, ಬಿದ್ದೀ" ಎಂದೆ, ತಿರುಗಿ ನೋಡದೆ.